ಶನಿವಾರಕ್ಕೆಂದು ಸರಿಸಿದ ಮೇಜು

ಬೇರೆಯವರ ಮನೆಯ ಮೂಲೆಯಲ್ಲಿ ಕೂತು ನೋಡುವುದು ಚಿಗುಸಾ ನೀಮಿಯ ಕೆಲಸ. ಹಾಗೆಂದರೆ ಕೇಳಿದವರು ನಗುತ್ತಿದ್ದರು, ಆದ್ದರಿಂದ ಅವಳು ಮಾರುಕಟ್ಟೆ ಸಮೀಕ್ಷೆ ಎನ್ನುತ್ತಿದ್ದಳು. ಟೋಕಿಯೋದ ಕಾಂದಾದಲ್ಲಿ, ಹಳೆಯ ಕಟ್ಟಡವೊಂದರ ಮೇಲುಮಹಡಿಯಲ್ಲಿ ಅವಳ ಕಚೇರಿ. ಹೊಸ ಸಾಮಾನು ಅಂಗಡಿಗೆ ಬರುವ ಮೊದಲೇ ಅದನ್ನು ಕೆಲವು ಮನೆಗಳಿಗೆ ಕೊಟ್ಟು, ಜನ ಅದನ್ನು ಹೇಗೆ ಬಳಸುತ್ತಾರೆಂದು ನೋಡಿ, ಎಷ್ಟು ಮಾರಾಟವಾದೀತೆಂದು ಮುಂಚಿತವಾಗಿ ಹೇಳುವುದು ಆ ಕಚೇರಿಯ ಕಸುಬು. ಅನ್ನ ಮಾಡುವ ಕುಕ್ಕರು, ಬಟ್ಟೆ ಒಗೆಯುವ ಪುಡಿ, ಮುದುಕರ ಕಾಲುಚೀಲ ಎಲ್ಲವನ್ನೂ ಅವಳು ನೋಡಿ ಮುಗಿಸಿದ್ದಳು. ಆ ವರ್ಷದ ಚಳಿಗಾಲಕ್ಕೆ ಅವಳ ಪಾಲಿಗೆ ಬಂದದ್ದು ವಿಡಿಯೋ ಗೇಮ್.

ಎರಡು ದೊಡ್ಡ ಕಂಪನಿಗಳು ವರ್ಷದ ಕೊನೆಯ ಮಾರಾಟಕ್ಕಾಗಿ ಎದುರುಬದುರು ನಿಂತಿದ್ದವು. ಕೂತಲ್ಲೇ ಗುಂಡಿ ಒತ್ತಿ ಆಡುವ ಕಾಲ ಮುಗಿಯಿತು, ಇನ್ನು ಮೈಯಾಡಿಸಿ ಆಡುವ ಕಾಲ ಎಂದು ಎರಡೂ ಸಾರುತ್ತಿದ್ದವು. ಒಂದು ಕಂಪನಿಯ ಯಂತ್ರಕ್ಕೆ ಗೇಣುದ್ದದ ಕೋಲಿತ್ತು. ಅದನ್ನು ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲೆ ಬ್ಯಾಟು ಬೀಸುತ್ತದೆ, ಚೆಂಡು ಉರುಳುತ್ತದೆ. ಇನ್ನೊಂದು ಕಂಪನಿಯದಕ್ಕೆ ಕೋಲೂ ಬೇಡ. ಟಿವಿಯ ಕೆಳಗೆ ಕೂತ ಕ್ಯಾಮೆರಾ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತದೆ, ನೀವು ನೆಗೆದರೆ ಪರದೆಯ ಗೊಂಬೆಯೂ ನೆಗೆಯುತ್ತದೆ. ಕಚೇರಿಯಲ್ಲಿ ಯಾರೂ ಅವುಗಳ ಉದ್ದುದ್ದ ಹೆಸರು ಹೇಳುವ ಗೋಜಿಗೆ ಹೋಗಲಿಲ್ಲ. ಒಂದು ಕೋಲು, ಇನ್ನೊಂದು ಕಣ್ಣು.

ಕೋಲು ಹಳತಾಯಿತು, ಈ ಚಳಿಗಾಲ ಕಣ್ಣಿನದೇ ಎಂದು ವಿಭಾಗದ ಮುಖ್ಯಸ್ಥ ಮೊರೋಯಿ ಮೊದಲ ದಿನವೇ ಹೇಳಿಬಿಟ್ಟಿದ್ದರು. ಸಗಟು ವ್ಯಾಪಾರಿಯೊಬ್ಬರು ಯಾವುದನ್ನು ಎಷ್ಟು ತರಿಸಬೇಕೆಂದು ತಿಳಿಯಲು ಈ ಸಮೀಕ್ಷೆ ಮಾಡಿಸುತ್ತಿದ್ದರು. ಅಂದಾಜಿನ ಕೆಳಗೆ ಈ ಬಾರಿ ಚಿಗುಸಾಳ ಹೆಸರೇ ಇರಲಿ ಎಂದರು ಮೊರೋಯಿ. ಕಣ್ಣು ಗೆಲ್ಲುತ್ತದೆ ಎಂದಾದರೆ ಅದು ಹೊಸ ಬಗೆಯ ಯಂತ್ರವಾದ್ದರಿಂದ ಸಮೀಕ್ಷೆಯನ್ನು ವಸಂತದಲ್ಲಿ ಚೆರ್ರಿ ಹೂ ಬಿಡುವವರೆಗೂ ಮುಂದುವರಿಸುವುದು, ಕೋಲು ಎಂದಾದರೆ ವರ್ಷ ಮುಗಿಯುವ ಮೊದಲು ಮನೆಗಳಿಂದ ಯಂತ್ರಗಳನ್ನು ವಾಪಸು ತರುವುದು ಎಂದು ಒಪ್ಪಂದವಾಗಿತ್ತು.

ಚಿಗುಸಾಗೆ ನಲವತ್ತೊಂದು ವರ್ಷ. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ಹಿಂದಿರುಗಿ ಬಂದು ನೋಡುವ ಪೈಕಿ. ಒಂದು ಮಾತು ಆಡುವ ಮೊದಲು ಅದನ್ನು ಮನಸ್ಸಿನಲ್ಲಿ ಎರಡು ಸಲ ಆಡಿ ನೋಡುತ್ತಿದ್ದಳು. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಅವಳು ಇದ್ದದ್ದು ನಾಲ್ಕೂವರೆ ಚಾಪೆ ಹಾಸುವಷ್ಟೇ ಜಾಗದ ಒಂದೇ ಕೋಣೆಯಲ್ಲಿ. ಯಂತ್ರ ಕಲಿಯಲೆಂದು ಕಣ್ಣನ್ನು ಒಂದು ಸಂಜೆ ಮನೆಗೆ ತಂದು ಟಿವಿಯ ಕೆಳಗಿಟ್ಟು ಎದುರು ನಿಂತಳು. ಹಿಂದೆ ಸರಿಯಿರಿ ಎಂದು ಪರದೆ ಹೇಳಿತು. ಸರಿದಳು. ಇನ್ನೂ ಹಿಂದೆ ಸರಿಯಿರಿ ಎಂದಿತು. ಹಾಸಿಗೆ ಮಡಚಿದಳು, ಬಟ್ಟೆಯ ಪೆಟ್ಟಿಗೆಯನ್ನು ಬಚ್ಚಲ ಬಾಗಿಲಿಗೆ ಒತ್ತಿದಳು, ಬೆನ್ನು ಗೋಡೆಗೆ ತಾಗುವವರೆಗೂ ಸರಿದಳು. ಪರದೆಯ ಮೇಲೆ ಖಾಲಿ ಕೋಣೆಯ ಚಿತ್ರವೊಂದು ತೂಗುತ್ತ ಕಾಯುತ್ತಿತ್ತು. ಯಾರೂ ಕಾಣುತ್ತಿಲ್ಲ ಎಂದು ಬಂತು. ಅವಳಿಗೆ ನಗು ಬಂತು, ಆಮೇಲೆ ಯಂತ್ರದ ತಂತಿಯನ್ನು ಕಿತ್ತಳು. ನನ್ನ ಕೋಣೆ ಚಿಕ್ಕದು, ಸಂಸಾರಸ್ಥರ ಮನೆ ಹೀಗಿರುವುದಿಲ್ಲ ಎಂದುಕೊಂಡಳು.

ಸಮೀಕ್ಷೆಯ ಮನೆಗಳಲ್ಲಿ ಒಂದು ಉಬುಕಾತಾ ಅವರದು. ನದಿ ದಾಟಿದರೆ ಕಾವಾಗುಚಿ, ಅಲ್ಲಿ ಹಳೆಯ ವಸತಿ ಸಮುಚ್ಚಯದಲ್ಲಿ ಆರು ಚಾಪೆಯ ಕೋಣೆ. ಗಂಡ ತೆತ್ಸುರೋ ಊರ ಬಸ್ಸಿನ ಡ್ರೈವರ್, ಹೆಂಡತಿ ಹಿಸಾನೋ ಬೆಳಗಿನ ಹೊತ್ತು ಬ್ರೆಡ್ಡಿನಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಎಂಟು ವರ್ಷದ ಮಗಳು ಸುಜು. ಕಣ್ಣನ್ನೂ ಕೋಲನ್ನೂ ಆ ಮನೆಗೆ ಕೊಟ್ಟಿದ್ದರು. ಚಿಗುಸಾ ಶನಿವಾರ ಮಧ್ಯಾಹ್ನ ಬರುತ್ತಿದ್ದಳು. ಹೇಳಿದ ಹೊತ್ತಿಗಿಂತ ತುಸು ತಡವಾಗಿ, ಮನೆಯವರಿಗೆ ಉಸಿರಾಡಲು ಬಿಡುವು ಸಿಗುವಷ್ಟು ತಡವಾಗಿ ಬಾಗಿಲು ತಟ್ಟುತ್ತಿದ್ದಳು. ಮೂಲೆಯಲ್ಲಿ ಅವಳಿಗೊಂದು ದಿಂಬು ಹಾಕಿರುತ್ತಿತ್ತು. ನೋಡಲು ಬಂದವರು ಮಾತಾಡಬಾರದು, ಆಟಕ್ಕೆ ಸೇರಬಾರದು, ಚಹಾ ಬಿಟ್ಟು ಬೇರೇನೂ ಸೇವಿಸಬಾರದು ಎಂಬುದು ನಿಯಮ. ಹಿಸಾನೋ ಪ್ರತಿ ಸಲವೂ ಚಹಾದ ಜೊತೆ ಒಂದು ಸಿಹಿ ಇಡುತ್ತಿದ್ದಳು. ಚಿಗುಸಾ ಅದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಭಾನುವಾರ ತಿನ್ನುತ್ತಿದ್ದಳು. ಅವಳ ಭಾನುವಾರದಲ್ಲಿ ಬೇರೆ ಏನೂ ಇರುತ್ತಿರಲಿಲ್ಲ.

ಕೋಣೆಯ ನಡುವೆ ಜಾಗ ಖಾಲಿ ಇರುತ್ತಿತ್ತು. ಕಣ್ಣಿನ ಮುಂದೆ ಮೂವರೂ ಸಾಲಾಗಿ ನಿಂತು ನೆಗೆದರು, ಬಗ್ಗಿದರು, ಗಾಳಿಯನ್ನು ಒದ್ದರು. ತೆತ್ಸುರೋ ದಪ್ಪ ಆಳು. ಅವನು ನೆಗೆದಾಗ ಕಪಾಟಿನ ಗಾಜು ಅಲುಗುತ್ತಿತ್ತು, ಕೆಳಗಿನ ಮನೆಯವರು ಮೇಲೆ ಬಂದಾರು ಎಂದು ಹಿಸಾನೋ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ಒಂದು ಶನಿವಾರ ತೆಪ್ಪದಲ್ಲಿ ಹೊಳೆ ಇಳಿಯುವ ಆಟ ಹಾಕಿದರು. ಅದಕ್ಕೆ ನಾಲ್ಕು ಜನ ಬೇಕಿತ್ತು. ಸುಜು ಬಂದು ಚಿಗುಸಾಳ ತೋಳು ಹಿಡಿದು ಎಳೆದಳು. ನಿಯಮ ಇದೆ ಎಂದು ಚಿಗುಸಾ ಹೇಳುತ್ತಿರುವಾಗಲೇ ಪರದೆಯ ಮೇಲೆ ನಾಲ್ಕನೆಯ ಗೊಂಬೆ ಎದ್ದು ನಿಂತಿತ್ತು. ಅವಳು ಹಿಂಜರಿದು ಕೈ ಕೆಳಗಿಳಿಸಿದರೆ ಅದೂ ಹಿಂಜರಿದು ಕೈ ಇಳಿಸಿತು. ಕಣ್ಣಿಗೆ ಅವಳು ಕಂಡಿದ್ದಳು.

"ಎಡಕ್ಕೆ, ಆಂಟಿ, ಎಡಕ್ಕೆ ವಾಲಿ," ಎಂದಳು ಸುಜು. "ಇಲ್ಲಾಂದ್ರೆ ಅಪ್ಪ ಎಲ್ಲರನ್ನೂ ಮುಳುಗಿಸಿಬಿಡ್ತಾರೆ."

"ಬಸ್ಸು ಓಡಿಸೋನಿಗೆ ತೆಪ್ಪ ಹೇಳಿಕೊಡ್ತಾಳೆ ನೋಡಿ," ಎಂದ ತೆತ್ಸುರೋ, ಏದುಸಿರು ಬಿಡುತ್ತ.

ನಾಲ್ವರೂ ಒಟ್ಟಿಗೆ ಎಡಕ್ಕೆ ವಾಲಿದರು. ಹಿಸಾನೋಳ ಭುಜ ಅವಳ ಭುಜಕ್ಕೆ ತಾಗಿತು, ಯಾರೂ ಕ್ಷಮೆ ಕೇಳಲಿಲ್ಲ. ಆ ವಾರದ ವರದಿಯಲ್ಲಿ ಚಿಗುಸಾ ಮನೆಯವರು ಬಹಳ ನಕ್ಕರು ಎಂದಷ್ಟೇ ಬರೆದಳು. ಉಳಿದ ವಾರವೆಲ್ಲ, ರೈಲಿನಲ್ಲಿ ನಿಂತಾಗ, ಅಕ್ಕಿ ತೊಳೆಯುವಾಗ, ಅವಳ ಮೈ ತಾನಾಗಿ ತುಸು ಎಡಕ್ಕೆ ವಾಲುತ್ತಿತ್ತು.

ಆಮೇಲಿನ ಶನಿವಾರ ಅವಳು ಒಂದು ಸಂಗತಿ ಗಮನಿಸಿದಳು. ಚಳಿ ಬಲಿತಿತ್ತು. ಎಲ್ಲ ಮನೆಗಳಲ್ಲೂ ಕೊತಾತ್ಸು ಹಾಕುವ ದಿನಗಳು. ಕೆಳಗೆ ಬಿಸಿ, ಮೇಲೆ ದಪ್ಪ ಹೊದಿಕೆ ಇರುವ ಆ ಗಿಡ್ಡ ಮೇಜಿನೊಳಗೆ ಕಾಲು ತೂರಿಸಿ ಕೂತರೆ ಮಾರ್ಚ್ ತಿಂಗಳವರೆಗೂ ಯಾರೂ ಏಳುವುದಿಲ್ಲ. ಈ ವರ್ಷ ಅದನ್ನು ಕಪಾಟಿನಿಂದ ಹೊರಗೇ ತೆಗೆದಿಲ್ಲ, ಮಗಳಿಗೆ ಕುಣಿಯಲು ಜಾಗ ಬೇಕಲ್ಲ ಎಂದು ಹಿಸಾನೋ ತಾನಾಗಿ ಹೇಳಿದಳು. ಆದರೆ ಅವರು ಕುಣಿಯುತ್ತಿದ್ದ ಜಾಗದಲ್ಲೇ ಚಾಪೆಯ ಮೇಲೆ ನಾಲ್ಕು ಸಣ್ಣ ಗುಳಿಗಳಿದ್ದವು. ಭಾರ ತೆಗೆದರೆ ತಾತಾಮಿ ಎಂಬ ಈ ಚಾಪೆಯ ಹುಲ್ಲು ಕೆಲವೇ ದಿನಗಳಲ್ಲಿ ಮತ್ತೆ ಮೇಲೇಳುತ್ತದೆ. ಈ ಗುಳಿಗಳು ಹೊಸವು, ಬೆಳಗಿನವು ಎನ್ನುವಷ್ಟು ಹೊಸವು. ಚಿಗುಸಾ ಅವನ್ನು ನೋಡಿದಳು, ಆಮೇಲೆ ಕಿಟಕಿಯ ಕಡೆ ನೋಡಿದಳು. ಬೇರೊಂದು ಮನೆಯಲ್ಲಿ ಆಗಷ್ಟೇ ಆರಿಸಿದ ಕೊತಾತ್ಸು ಹೀಟರಿನ ಬಿಸಿ ಧೂಳಿನ ವಾಸನೆ ಬಂದಿತ್ತು, ಇನ್ನೊಂದರಲ್ಲಿ ಸ್ನಾನದ ಕೋಣೆಯಿಂದ ಹೊದಿಕೆಯ ತುದಿ ಇಣುಕಿತ್ತು. ನೋಡುವುದನ್ನೇ ಕಸುಬು ಮಾಡಿಕೊಂಡವಳು ನೋಡದೆ ಇರಲು ತೀರ್ಮಾನಿಸಿದ್ದು ಅದೇ ಮೊದಲು. ಕೋಣೆಯಲ್ಲಿ ಸಾಕಷ್ಟು ಜಾಗವಿದೆ ಎಂದು ಬರೆದಳು. ಅಂದಾಜಿನ ಕರಡಿನಲ್ಲಿ ಕಣ್ಣು ಮುಂದಿತ್ತು. ಕಣ್ಣು ಮುಂದಿದ್ದರೆ ಚೆರ್ರಿ ಹೂ ಬಿಡುವವರೆಗೂ ಶನಿವಾರಗಳಿದ್ದವು.

ನವೆಂಬರಿನ ಕೊನೆಯ ಬುಧವಾರ ಅವಳು ಕಾವಾಗುಚಿಗೆ ಬೇರೆ ಕೆಲಸಕ್ಕೆ ಹೋಗಿದ್ದಳು. ಕಣ್ಣಿನ ತಂತಿ ಬಿಸಿಯಾಗುತ್ತದೆಂದು ಹಿಸಾನೋ ಹಿಂದೊಮ್ಮೆ ಹೇಳಿದ್ದಳು. ಬದಲಿ ತಂತಿ ಚೀಲದಲ್ಲಿತ್ತು. ಫೋನ್ ಮಾಡದೆ ಯಾರ ಮನೆಗೂ ಹೋಗುವವಳಲ್ಲ ಅವಳು. ಬಾಗಿಲ ಹಿಡಿಗೆ ಪೊಟ್ಟಣ ನೇತುಹಾಕಿ, ಗಂಟೆ ಒತ್ತದೆ ಬಂದುಬಿಡೋಣ ಎಂದುಕೊಂಡು ಮೆಟ್ಟಿಲು ಹತ್ತಿದಳು. ಪೊಟ್ಟಣದ ದಾರ ಬಿಗಿಯುತ್ತಿರುವಾಗ ಹಿಂದಿನಿಂದ ಸುಜು ಶಾಲೆಯ ಚೀಲ ಹೊತ್ತು ಬಂದಳು. ತಡೆಯುವ ಮೊದಲೇ ಬೀಗದ ಕೈ ತಿರುಗಿಸಿ ಬಾಗಿಲು ಅಗಲವಾಗಿ ತೆರೆದಳು.

"ಅಮ್ಮಾ, ಶನಿವಾರದ ಆಂಟಿ ಬುಧವಾರಾನೇ ಬಂದ್ಬಿಟ್ಟಿದಾರೆ."

ಹೊಸ್ತಿಲಿನಿಂದಲೇ ಕೋಣೆಯೆಲ್ಲ ಕಾಣುತ್ತಿತ್ತು. ನಡುವೆ ಕೊತಾತ್ಸು, ಅದರ ಕಂದು ಹೊದಿಕೆ ಗೋಡೆಯಿಂದ ಗೋಡೆಗೆ ಹರಡಿತ್ತು. ಮೇಲೆ ಕಿತ್ತಳೆ ಸಿಪ್ಪೆ, ತಣ್ಣಗಾದ ಚಹಾ, ಒಗೆದ ಬಟ್ಟೆಯ ಗುಡ್ಡ. ತೆತ್ಸುರೋ ರಜೆಯಲ್ಲಿದ್ದ. ಗಂಡಹೆಂಡಿರಿಬ್ಬರೂ ಎದೆಯವರೆಗೆ ಹೊದಿಕೆಯೊಳಗೆ ಸೇರಿ, ದಿಂಬಿಗೆ ಒರಗಿ, ಕೈಯಲ್ಲಿ ಕೋಲು ಹಿಡಿದಿದ್ದರು. ಪರದೆಯ ಮೇಲೆ ಬೌಲಿಂಗ್ ನಡೆದಿತ್ತು. ಹಿಸಾನೋ ಮಣಿಕಟ್ಟನ್ನಷ್ಟೇ ಒಂದಿಷ್ಟು ತಿರುಗಿಸಿದಳು, ಚೆಂಡು ಉದ್ದಕ್ಕೆ ಉರುಳಿ ಹೋಯಿತು. ಕಣ್ಣು ಟಿವಿಯ ಪಕ್ಕದ ಕಪಾಟಿನಲ್ಲಿ, ಧೂಳು ಕೂರದಂತೆ ಒಂದು ಕರವಸ್ತ್ರ ಹೊದ್ದು ಕೂತಿತ್ತು.

ಹಿಸಾನೋ ಥಟ್ಟನೆ ಎದ್ದಳು. ಕೂದಲು ಸರಿಮಾಡಿಕೊಂಡಳು, ಬಗ್ಗಿ ಬಗ್ಗಿ ನಮಸ್ಕರಿಸಿದಳು. ಅವಳ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು.

"ಅಯ್ಯೋ ನೀಮಿ ಸಾನ್, ಕ್ಷಮಿಸಿ, ಮನೆ ನೋಡೋ ಹಾಗಿಲ್ಲ. ಒಂದೇ ನಿಮಿಷ. ರೀ, ಏಳ್ರೀ, ಆ ಕಡೆ ಹಿಡ್ಕೊಳ್ಳಿ, ಸರಿಸೋಣ."

ತೆತ್ಸುರೋ ಕಾಲು ಜೋಮು ಹಿಡಿದು ಏಳಲಾರದೆ ಮೊಣಕಾಲ ಮೇಲೆ ಮೇಜಿನ ಅಂಚು ಹಿಡಿದ. ಕಿತ್ತಳೆಯೊಂದು ಉರುಳಿ ಹೊಸ್ತಿಲವರೆಗೂ ಬಂತು.

"ಯಾಕಮ್ಮಾ ತೆಗೀತೀಯ?" ಎಂದಳು ಸುಜು. "ಇವತ್ತು ಶನಿವಾರ ಅಲ್ವಲ್ಲ."

ಪರದೆಯ ಮೇಲೆ ಸಂಗೀತ ನಡೆದೇ ಇತ್ತು. ತಪ್ಪು ತನ್ನದು, ಹೇಳದೆ ಬಂದದ್ದು ತನ್ನದೇ ಅವಿವೇಕ ಎಂದು ಚಿಗುಸಾ ಮೇಲಿಂದ ಮೇಲೆ ಹೇಳಿದಳು. ತಂತಿ ಕೊಟ್ಟಳು. ಕಿತ್ತಳೆ ಎತ್ತಿ ಸುಜುವಿನ ಕೈಗಿಟ್ಟಳು. ಒಳಗೆ ಬನ್ನಿ ಎಂದು ಹಿಸಾನೋ ಕರೆದಳು, ಆದರೆ ಅವಳ ಕೈ ಇನ್ನೂ ಹೊದಿಕೆ ಮಡಚುತ್ತಿತ್ತು. ಕೊತಾತ್ಸುವಿನ ಒಂದು ಬದಿ ಖಾಲಿ ಇತ್ತು. ಅಲ್ಲಿ ಹೀಗೇ ಬಂದು ಕಾಲು ಬಿಸಿಮಾಡಿಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಅನ್ನುವ ಹಾಗಿರಲಿಲ್ಲ. ಅತಿಥಿಯನ್ನು ಒಗೆದ ಬಟ್ಟೆಯ ಗುಡ್ಡದ ಪಕ್ಕ ಕೂರಿಸುವವರು ಯಾರಿದ್ದಾರೆ? ಅವಳೂ ಅವರ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದಳು.

ಸೇತುವೆಯ ಮೇಲೆ ರೈಲು ಹೋಗುವಾಗ ಅವಳು ಒಂದೊಂದು ಮನೆಯನ್ನೂ ನೆನೆದಳು. ಎಲ್ಲರೂ ಅವಳಿಗಾಗಿ ಮೇಜು ಸರಿಸಿದ್ದರು. ಮೋಸ ಮಾಡಬೇಕೆಂದಲ್ಲ. ಮನೆಗೆ ಯಾರೋ ಬರುತ್ತಾರೆ, ಅಷ್ಟು ದೂರದಿಂದ ಯಂತ್ರ ನೋಡಲು ಬರುತ್ತಾರೆ, ಅವರೆದುರು ಆ ಯಂತ್ರವನ್ನು ಮೂಲೆಗಿಟ್ಟು ಹೊದಿಕೆಯೊಳಗೆ ಬಿದ್ದಿರುವುದು ಹೇಗೆ? ಗುಡಿಸಿದರು, ಒಳ್ಳೆಯ ಬಟ್ಟೆ ಹಾಕಿಕೊಂಡರು, ನೆಗೆದರು, ನಕ್ಕರು. ಅನ್ನದ ಕುಕ್ಕರಿಗೆ ಜಾಗ ಬೇಕಿರಲಿಲ್ಲ, ಆದ್ದರಿಂದ ಈ ತಪ್ಪು ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೆಪ್ಪದ ದಿನವೂ ಹಾಗೆಯೇ ಇದ್ದಿರಬೇಕು. ಮೂಲೆಯಲ್ಲಿ ಒಬ್ಬಳೇ ಕೂತವಳನ್ನು ಹಾಗೇ ಬಿಡುವುದು ಚೆನ್ನಾಗಿರುವುದಿಲ್ಲ ಎಂದು ಅವರಿಗೆ ಅನಿಸಿರಬೇಕು. ಸುಜು ತಾನಾಗಿ ಎಳೆದಳೋ, ತಾಯಿ ಕಣ್ಸನ್ನೆ ಮಾಡಿದಳೋ? ಅದನ್ನು ಮಾತ್ರ ಅವಳು ಎಷ್ಟು ನೆನೆದರೂ ಗೊತ್ತಾಗಲಿಲ್ಲ.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಕರಡಿನಲ್ಲಿ ಕಣ್ಣು ಮುಂದೆಯೇ ಇತ್ತು. ಹಾಗೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಅದನ್ನೇ ಬಯಸಿದ್ದರು. ಬರುವ ಶನಿವಾರ ಉಬುಕಾತಾ ಮನೆಯವರು ಇನ್ನಷ್ಟು ಚೊಕ್ಕ ಮಾಡಿ, ಬುಧವಾರ ನಡೆದೇ ಇಲ್ಲ ಎಂಬಂತೆ ಅವಳನ್ನು ಕರೆಯುತ್ತಿದ್ದರು. ಅವಳೂ ನಡೆದೇ ಇಲ್ಲ ಎಂಬಂತೆ ಹೋಗಬಹುದಿತ್ತು. ಭುಜಕ್ಕೆ ಭುಜ ತಾಗುತ್ತಿತ್ತು. ಸೌಜನ್ಯಕ್ಕೇ ಆದರೂ ತಾಗುತ್ತಿತ್ತು.

ಶುಕ್ರವಾರ ಸಭೆ. ಮೊರೋಯಿ, ಪಕ್ಕದ ಮೇಜಿನ ಕಿತಾನಿ, ಇನ್ನಿಬ್ಬರು. ಚಿಗುಸಾ ಹೊಸ ಅಂದಾಜನ್ನು ಮುಂದಿಟ್ಟಳು. ಅದರಲ್ಲಿ ಕೋಲು ಕಣ್ಣಿನ ಎರಡರಷ್ಟು ಮಾರುತ್ತದೆ ಎಂದಿತ್ತು. ಮೊರೋಯಿ ಕನ್ನಡಕ ಹಣೆಗೇರಿಸಿ ಓದಿದರು, ಮತ್ತೆ ಇಳಿಸಿ ಓದಿದರು.

"ವಾರವಾರ ನೀವೇ ಬರೆದಿದ್ದೀರಲ್ಲ ನೀಮಿ ಸಾನ್, ಎಲ್ಲ ಮನೇಲೂ ಜನ ಕುಣೀತಾರೆ, ನಗ್ತಾರೆ ಅಂತ."

ಅವಳು ಆ ಉತ್ತರವನ್ನು ಮನಸ್ಸಿನಲ್ಲಿ ಎರಡಲ್ಲ, ಎಷ್ಟೋ ಸಲ ಆಡಿಕೊಂಡು ಬಂದಿದ್ದಳು.

"ನಾನಿದ್ದಾಗ ಕುಣೀತಾರೆ," ಎಂದಳು. "ನಾನು ಬರ್ತೀನಿ ಅಂತ ಕೊತಾತ್ಸು ಸರಿಸ್ತಾರೆ. ನಾನು ಹೋದ್ಮೇಲೆ ಅದು ವಾಪಸ್ ಬರುತ್ತೆ, ಕಣ್ಣಿನ ಮುಂದೆ ನಿಲ್ಲೋಕೆ ಜಾಗ ಇರಲ್ಲ. ಕೋಲಾದರೆ ಹೊದಿಕೆ ಒಳಗಿಂದಾನೂ ಆಡಬಹುದು."

ಪ್ರತಿಯೊಬ್ಬರೂ ತಮ್ಮ ಮನೆಯ ಕೋಣೆಯನ್ನು, ಅದರ ನಡುವಿನ ಮೇಜನ್ನು ನೆನೆಯುತ್ತಿದ್ದರೆಂದು ಕಾಣುತ್ತದೆ. ಮೊದಲು ನಕ್ಕವನು ಕಿತಾನಿ.

"ಹಾಗಾದ್ರೆ ಸುಲಭ," ಎಂದ. "ಪ್ರತಿ ಪೆಟ್ಟಿಗೆ ಜೊತೆ ಒಬ್ಬೊಬ್ಬ ನೀಮಿ ಸಾನ್‌ನ ಕಟ್ಟಿ ಕಳಿಸೋಣ. ಮೂಲೇಲಿ ಕೂರಿಸಿಬಿಟ್ರೆ ಕಣ್ಣೇ ಗೆಲ್ಲುತ್ತೆ."

ಎಲ್ಲರೂ ನಕ್ಕರು. ಚಿಗುಸಾಳೂ ನಕ್ಕಳು. ಒಳ್ಳೆಯ ತಮಾಷೆಯಾಗಿತ್ತು, ಲೆಕ್ಕವೂ ಸರಿಯಾಗಿತ್ತು. ನಗು ಇಳಿದ ಮೇಲೆ ಮೊರೋಯಿ ತಮ್ಮ ಮನೆಯಲ್ಲೂ ಅತಿಥಿ ಬಂದರೆ ಮೇಜು ಬೇರೆ ಕೋಣೆಗೆ ಹೋಗುತ್ತದೆ, ಅಷ್ಟು ತಿಳಿದೂ ಇದು ಹೊಳೆಯಲಿಲ್ಲವಲ್ಲ ಎಂದು ತಲೆ ಕೆರೆದುಕೊಂಡರು. ಹೀಗೆ ಕೊಟ್ಟರೆ ವಸಂತದ ಸಮೀಕ್ಷೆ ಇರುವುದಿಲ್ಲ, ಗೊತ್ತಲ್ಲ ಎಂದರು. ಗೊತ್ತು ಎಂದಳು. ಹೆಸರು ನಿಮ್ಮದು, ನೀವೇ ತೀರ್ಮಾನಿಸಿ ಎಂದರು. ಅವಳು ಚೀಲದಿಂದ, ಸಹಿಗೆ ಬದಲಾಗಿ ಒತ್ತುವ ತನ್ನ ಹೆಸರಿನ ಮುದ್ರೆ ತೆಗೆದು ಕೆಂಪು ಮಸಿಗೆ ಒತ್ತಿ, ಕಾಗದದ ಮೇಲೆ ಇಟ್ಟಳು. ತುಸು ಹೊತ್ತು ಒತ್ತಿ ಹಿಡಿದಳು, ಅಕ್ಷರ ಮಾಸಲು ಬರಬಾರದೆಂದು.

ಡಿಸೆಂಬರಿನ ಮೊದಲ ಮಾರಾಟದ ಅಂಕಿಗಳು ಬಂದಾಗ ಕೋಲು ಎರಡರಷ್ಟಕ್ಕಿಂತ ಹೆಚ್ಚೇ ಮುಂದಿತ್ತು. ಸಗಟು ವ್ಯಾಪಾರಿ ಕೃತಜ್ಞತೆಗೆಂದು ಒಂದು ಪೆಟ್ಟಿಗೆ ಸೇಬು ಕಳಿಸಿದರು. ಮೊರೋಯಿ ಎಲ್ಲರೆದುರು ಚೆನ್ನಾಗಿ ನೋಡಿದಿರಿ ಎಂದರು. ಮುಂದಿನ ತಿಂಗಳಿಂದ ಅವಳಿಗೆ ಹಲ್ಲುಜ್ಜುವ ಬ್ರಷ್ಷು. ಅದಕ್ಕೆ ಮನೆಗೆ ಹೋಗಬೇಕಿಲ್ಲ, ಕಚೇರಿಗೇ ಜನ ಬರುತ್ತಾರೆ.

ಯಂತ್ರಗಳನ್ನು ವಾಪಸು ತರಲು ಅವಳು ಕೊನೆಯದಾಗಿ ಕಾವಾಗುಚಿಗೆ ಹೋದದ್ದೂ ಶನಿವಾರವೇ. ಮುಂಚೆ ಫೋನ್ ಮಾಡಿದ್ದಳು. ಬರೀ ಹೊಸ್ತಿಲಲ್ಲೇ ತೆಗೆದುಕೊಂಡು ಹೋಗುತ್ತೇನೆ, ಏನೂ ಸರಿಸಬೇಡಿ ಎನ್ನಬೇಕೆಂದಿದ್ದಳು. ಆದರೆ ಸರಿಸಬೇಡಿ ಎಂದರೆ ಸರಿಸುತ್ತಿದ್ದದ್ದು ನನಗೆ ಗೊತ್ತು ಎಂದಂತಾಗುತ್ತದೆ. ಅದನ್ನು ಎರಡು ಸಲ ಮನಸ್ಸಿನಲ್ಲಿ ಆಡಿ, ಆಡದೆ ಬಿಟ್ಟಳು.

ಕೋಣೆ ಹಿಂದೆಂದೂ ಇಲ್ಲದಷ್ಟು ಖಾಲಿಯಾಗಿತ್ತು. ಕಿಟಕಿಯ ಪರದೆಗಳನ್ನು ಕೂಡ ಒಗೆದಿದ್ದರು. ಕಿಟಕಿಯ ಬಿಸಿಲು ಚಾಪೆಯ ಮೇಲೆ ಉದ್ದಕ್ಕೆ ಬಿದ್ದಿತ್ತು, ಕೋಣೆ ಕೊರೆಯುವಷ್ಟು ತಣ್ಣಗಿತ್ತು. ತೆತ್ಸುರೋ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದ. ಕೊನೆಯ ಸಲ ಒಂದು ಆಟ ಆಡಿ ತೋರಿಸುತ್ತೇವೆ ಎಂದು ಹಿಸಾನೋ ಹೇಳಿದಳು. ಮೂವರೂ ಕಣ್ಣಿನ ಮುಂದೆ ನಿಂತರು. ಅವರು ಕಷ್ಟಪಟ್ಟು ನೆಗೆದರು. ಚಿಗುಸಾ ಮೂಲೆಯ ದಿಂಬಿನ ಮೇಲೆ ಕೂತು ನೋಡಿದಳು. ಕೊಡಬೇಕಾದ ಅಂದಾಜು ಯಾವುದೂ ಉಳಿದಿರಲಿಲ್ಲ. ತೆತ್ಸುರೋ ನೆಗೆಯುವ ಮುನ್ನ ತುಟಿ ಬಿಗಿಯುತ್ತಾನೆ, ಹಿಸಾನೋಳ ಒಂದು ಕಾಲುಚೀಲ ಹೊಲಿದದ್ದು, ಸುಜು ಈ ಎರಡು ತಿಂಗಳಲ್ಲಿ ಎತ್ತರವಾಗಿದ್ದಾಳೆ ಎಂಬುದನ್ನೆಲ್ಲ ನೋಡಿದಳು. ಆಟ ಮುಗಿದಾಗ ಚಪ್ಪಾಳೆ ತಟ್ಟಿದಳು.

ಬುಧವಾರದ ವಿಷಯ ಯಾರೂ ಎತ್ತಲಿಲ್ಲ. ಎರಡು ಯಂತ್ರಗಳನ್ನೂ ಪೆಟ್ಟಿಗೆಗೆ ತುಂಬಿದಳು. ಕೋಲನ್ನು ತಂತಿ ಸುತ್ತಿ ಇಡುವಾಗ ಸುಜು ಅದನ್ನೇ ನೋಡುತ್ತಿದ್ದಳು. ಹೊಸವರ್ಷಕ್ಕೆ ಇದೇ ತರ ಒಂದು ಕೊಡಿಸ್ತಾರಂತೆ ಎಂದು ಪಿಸುಗುಟ್ಟಿದಳು. ಹಿಸಾನೋ ಮಗಳ ತೋಳು ಹಿಡಿದು ಹಿಂದಕ್ಕೆಳೆದಳು. ಹೊಸ್ತಿಲಲ್ಲಿ ಎಲ್ಲರೂ ಬಗ್ಗಿದರು.

"ಈ ಕಡೆ ಬಂದಾಗ ಖಂಡಿತ ಬನ್ನಿ ನೀಮಿ ಸಾನ್," ಎಂದಳು ಹಿಸಾನೋ. "ಕೆಲಸ ಇಲ್ಲದಿದ್ರೂ ಬನ್ನಿ."

ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಖಂಡಿತ ಬರುತ್ತೇನೆ ಎನ್ನಬೇಕು, ಬರಬಾರದು. ಚಿಗುಸಾ ಖಂಡಿತ ಬರುತ್ತೇನೆ ಎಂದಳು. ಹಿಸಾನೋಳ ಕಣ್ಣು ಒಂದು ಕ್ಷಣ ಹೆಚ್ಚಾಗಿ ಅವಳ ಮೇಲೆ ನಿಂತಿತೋ ಏನೋ. ನೋಡುವುದರಲ್ಲಿ ಪಳಗಿದವಳಿಗೂ ಅದು ಗೊತ್ತಾಗಲಿಲ್ಲ.

ಬಾಗಿಲು ಮೆಲ್ಲಗೆ ಮುಚ್ಚಿತು. ಬೀಗದ ಸದ್ದು ಬರಲಿಲ್ಲ. ಅತಿಥಿ ದೂರ ಹೋಗುವವರೆಗೂ ಬೀಗ ಹಾಕುವುದಿಲ್ಲ, ಆ ಸದ್ದು ಬೆನ್ನಿಗೆ ಬಿದ್ದರೆ ಹೋಗುವವರಿಗೆ ನೋವಾಗುತ್ತದೆ. ಬಾಗಿಲ ಆಚೆ ಮೂವರೂ ಆ ಚಳಿಯಲ್ಲಿ, ಅವಳ ಹೆಜ್ಜೆಯ ಸದ್ದು ಕೇಳುತ್ತ ನಿಂತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆ ಭಾರವಾಗಿತ್ತು. ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕೆನಿಸಿತು.

ಆದರೆ ಅವಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದಳು. ಅವಳು ಯಾವಾಗಲೂ ಸದ್ದಾಗದಂತೆ ನಡೆಯುವವಳು. ಇಂದು ಕಾರಿಡಾರಿನುದ್ದಕ್ಕೂ, ಮೆಟ್ಟಿಲ ಕೆಳಗಿನವರೆಗೂ, ಹಿಮ್ಮಡಿ ಊರಿ, ಗಟ್ಟಿಯಾಗಿ ಕೇಳುವಂತೆ ಹೆಜ್ಜೆ ಹಾಕಿದಳು. ಹೋದಳು ಎಂದು ಅವರಿಗೆ ಬೇಗ ತಿಳಿಯಲಿ, ಬೀಗ ಹಾಕಿ, ಮೇಜು ತಂದು, ಕಾಲು ಬಿಸಿಮಾಡಿಕೊಳ್ಳಲಿ.